ಸುರುಳಿಯ ಸಂಸ್ಕಾರ

ನ್ಯಾಯಶಾಸ್ತ್ರಕ್ಕೆ ಕಾಲಿಡುವವರ ಕೈಗೆ ಪಾಠಶಾಲೆಗಳಲ್ಲಿ ಮೊದಲು ಕೊಡುವ ಪುಸ್ತಕ ಅನ್ನಂಭಟ್ಟನ ‘ತರ್ಕಸಂಗ್ರಹ’. 17ನೆಯ ಶತಮಾನದ್ದು, ಅಂಗೈಯಷ್ಟು ಚಿಕ್ಕದು. ಅದು ಪಟ್ಟಿಮಾಡುವ 24 ಗುಣಗಳಲ್ಲಿ ಕೊನೆಯದು ಸಂಸ್ಕಾರ. ಅದರಲ್ಲಿ ಮತ್ತೆ ಮೂರು ಬಗೆ: ವೇಗ, ಭಾವನೆ, ಸ್ಥಿತಿಸ್ಥಾಪಕ. ಬಿಟ್ಟ ಬಾಣವನ್ನು ಮುಂದಕ್ಕೆ ಒಯ್ಯುವುದು ವೇಗ. ಬಗ್ಗಿಸಿ ಬಿಟ್ಟ ಚಾಪೆ ತನ್ನ ಮೊದಲಿನ ಆಕಾರಕ್ಕೆ ಮರಳುವುದು ಸ್ಥಿತಿಸ್ಥಾಪಕದಿಂದ. ಅನುಭವ ಮುಗಿದ ಮೇಲೂ ಅದರ ಅಚ್ಚು ಒಳಗೆ ಉಳಿದು, ಮುಂದೆಂದೋ ನೆನಪಾಗಿ ಏಳುತ್ತದಲ್ಲ, ಆ ಅಚ್ಚೇ ಭಾವನೆ. ಮೊದಲನೆಯದೂ ಕೊನೆಯದೂ ಜಡವಸ್ತುಗಳಲ್ಲಿ ಇರಬಹುದು. ಭಾವನೆಗೆ ಮಾತ್ರ ಆತ್ಮ ಬಿಟ್ಟರೆ ಬೇರೆ ನೆಲೆಯಿಲ್ಲ ಎನ್ನುತ್ತಾನೆ ಅನ್ನಂಭಟ್ಟ.

ನನಗೆ ಈ ಪಾಠವಾದದ್ದು ನಿವೃತ್ತನಾದ ಮೇಲೆ, ಚಾಮರಾಜಪೇಟೆಯ ವಿದ್ವಾಂಸರೊಬ್ಬರ ಮನೆಯಲ್ಲಿ. ಅದಕ್ಕೂ ಮೊದಲು, ತಲೆ ನರೆಯುವ ತನಕ, ನನ್ನದು ವಿಟಿಆರ್ ಕೋಣೆಯ ನೌಕರಿ. ಟೀವಿ ಕಾರ್ಯಕ್ರಮಗಳನ್ನು ದೊಡ್ಡ ದೊಡ್ಡ ಸುರುಳಿ ಟೇಪುಗಳಿಗೆ ಇಳಿಸುವುದು, ಬೇಕೆಂದಾಗ ಹಾಕಿ ತೋರಿಸುವುದು. ‘ಭಾವನೆ ಆತ್ಮದಲ್ಲಿ ಮಾತ್ರ’ ಎಂಬ ಮಾತು ಬಂದಾಗ ನನಗೆ ಸುಮ್ಮನಿರಲಾಗಲಿಲ್ಲ.

“ಹಾಗಾದರೆ ಟೇಪಿನಲ್ಲಿ ಇರುವುದೇನು ಸ್ವಾಮಿ?” ಎಂದೆ.

“ಇಂಜಿನಿಯರ್ ಸಾಹೇಬರೇ, ಅದನ್ನು ನೀವೇ ಹೇಳಬೇಕು. ಅನ್ನಂಭಟ್ಟರ ಮನೆಯಲ್ಲಿ ಟೀವಿ ಇರಲಿಲ್ಲ” ಎಂದು ಗುರುಗಳು ನಕ್ಕರು.

ನಕ್ಕರು ನಿಜ, ಆದರೆ ಹೊರೆ ನನ್ನ ತಲೆಗೇ ಬಂತು. ಉತ್ತರ ಹುಡುಕಲು ನನಗೆ ಗೊತ್ತಿದ್ದ ಜಾಗ ಒಂದೇ, ಯಂತ್ರ.

ಟೇಪ್ ಯಂತ್ರದಲ್ಲಿ ವೇಗವನ್ನು ಹುಡುಕಬೇಕಾಗಿಯೇ ಇಲ್ಲ. ದನಿಗಿಂತ ಚಿತ್ರಕ್ಕೆ ಬೇಕಾದ ಸಂಕೇತ ನೂರಾರು ಪಟ್ಟು ಹೆಚ್ಚು. ಅದನ್ನು ಬರೆಯಬೇಕಾದರೆ ಟೇಪು ಹೆಡ್ಡಿನ ಮುಂದೆ ವಿಪರೀತ ವೇಗದಲ್ಲಿ ಸರಿಯಬೇಕು. ಬಿಬಿಸಿಯವರು ‘ವೆರಾ’ ಎಂಬ ಯಂತ್ರದಲ್ಲಿ ನೇರವಾಗಿ ಅದನ್ನೇ ಮಾಡಿದರು: ಹೆಡ್ಡನ್ನು ಒಂದೆಡೆ ನಿಲ್ಲಿಸಿ, ಟೇಪನ್ನು ಸೆಕೆಂಡಿಗೆ 5 ಮೀಟರಿನಂತೆ ಎಳೆದರು. 1958ರಲ್ಲಿ ಅದನ್ನು ಪ್ರಸಾರದಲ್ಲಿ ತೋರಿಸುವ ಹೊತ್ತಿಗೆ ಕ್ಯಾಲಿಫೋರ್ನಿಯಾದ ಆಂಪೆಕ್ಸ್ ಕಂಪನಿ ಬೇರೆಯೇ ದಾರಿ ಹಿಡಿದು ಗೆದ್ದಾಗಿತ್ತು. ಚಾರ್ಲ್ಸ್ ಗಿನ್ಸ್‌ಬರ್ಗ್ ಮುಂದಾಳಾಗಿದ್ದ, ಇನ್ನೂ ಹುಡುಗನಾಗಿದ್ದ ರೇ ಡಾಲ್ಬಿಯೂ ಇದ್ದ ಆ ಚಿಕ್ಕ ತಂಡ ಟೇಪಿಗೆ ಬದಲು ಹೆಡ್ಡನ್ನೇ ತಿರುಗಿಸಿತು. ಎರಡು ಇಂಚು ಅಗಲದ ಟೇಪು ಸೆಕೆಂಡಿಗೆ 15 ಇಂಚಿನಂತೆ ನಿಧಾನವಾಗಿ ಸಾಗುತ್ತಿದ್ದರೆ, ನಾಲ್ಕು ಹೆಡ್ ಕೂರಿಸಿದ ಒಂದು ಪುಟ್ಟ ಚಕ್ರ ನಿಮಿಷಕ್ಕೆ 14,400 ಸುತ್ತು ತಿರುಗುತ್ತ ಟೇಪಿನ ಅಗಲಕ್ಕೆ ಅಡ್ಡಡ್ಡ ಗೀರು ಎಳೆಯುತ್ತಿತ್ತು. ಕ್ವಾಡ್ ಎಂದು ನಾವು ಕರೆಯುತ್ತಿದ್ದದ್ದು ಇದನ್ನೇ. ಏಪ್ರಿಲ್ 1956ರಲ್ಲಿ ಷಿಕಾಗೋದಲ್ಲಿ ಅದರ ಪ್ರದರ್ಶನವಾಯಿತು. ಅದೇ ವರ್ಷ ನವೆಂಬರ್ 30ರಂದು ಸಿಬಿಎಸ್‌ನವರು ಸಂಜೆಯ ಸುದ್ದಿಯನ್ನು ಅದರಲ್ಲಿ ಹಿಡಿದಿಟ್ಟು ಪಶ್ಚಿಮ ಕರಾವಳಿಯವರಿಗೆ ತಡವಾಗಿ ತೋರಿಸಿದರು. ಒಂದು ಗಂಟೆಯ ಕಾರ್ಯಕ್ರಮಕ್ಕೆ ಸುಮಾರು 1.4 ಕಿಲೋಮೀಟರ್ ಟೇಪು.

ನನ್ನ ಕೈ ಪಳಗಿದ್ದು ಅದರ ಮುಂದಿನ ತಲೆಮಾರಿನ ಒಂದಿಂಚಿನ ‘ಟೈಪ್ ಸಿ’ ಯಂತ್ರದಲ್ಲಿ. ಅದರ ಸ್ಥಿತಿಸ್ಥಾಪಕ ನನಗೆ ಬೆರಳ ತುದಿಯಲ್ಲಿ ಗೊತ್ತು. ಎಡಗಡೆಯ ಸ್ಪೂಲಿನಿಂದ ಟೇಪಿನ ತುದಿ ಎಳೆದು, ಟೆನ್ಷನ್ ಆರ್ಮಿನ ಮೇಲೆ ಹಾಯಿಸಿ, ಡ್ರಮ್ಮಿನ ಸುತ್ತ ಹೆಚ್ಚುಕಡಿಮೆ ಒಂದು ಪೂರ್ತಿ ಸುತ್ತು ಬಳಸಿ, ಕ್ಯಾಪ್‌ಸ್ಟನ್ ದಾಟಿಸಿ ಬಲಗಡೆಯ ಸ್ಪೂಲಿಗೆ ಸುತ್ತಬೇಕು. ಆ ಆರ್ಮ್ ಸ್ಪ್ರಿಂಗಿನ ಮೇಲೆ ನಿಂತದ್ದು. ಬೆರಳಿಂದ ಒತ್ತಿ ಬಿಟ್ಟರೆ ಅಳುಕಿಲ್ಲದೆ ಹಿಂದಕ್ಕೆ ಬರಬೇಕು. ತಡೆದು ಬಂದರೆ ಆ ದಿನ ಟೇಪ್ ಹಾಕುವಂತಿಲ್ಲ. ಬಿಗಿ ಹೆಚ್ಚಾದರೆ ಟೇಪು ಹಿಗ್ಗುತ್ತದೆ, ಕಡಿಮೆಯಾದರೆ ಚಿತ್ರದ ನೆತ್ತಿ ಬಾಗುತ್ತದೆ. ಆಮೇಲೆ ಹೆಡ್ ಒರೆಸುವುದು. ಮೆತ್ತನೆಯ ಚರ್ಮದ ತುಂಡಿಗೆ ಸ್ಪಿರಿಟ್ ಹಾಕಿ, ಡ್ರಮ್ಮು ತಿರುಗುವ ದಿಕ್ಕಿಗೇ ಒರೆಸಬೇಕು. ಮೇಲಿಂದ ಕೆಳಕ್ಕೆ ಒರೆಸಿದರೆ ಹೆಡ್ಡಿನ ತುದಿ ಮುರಿದೇ ಹೋಗುತ್ತದೆ. ಒರೆಸಿದ ಚರ್ಮದ ಮೇಲೆ ಕಂದು ಪುಡಿ ಕಾಣುತ್ತದೆ. ಅದು ಟೇಪಿನಿಂದ ಉದುರಿದ ಆಕ್ಸೈಡ್. ಯಾವುದೋ ಹಾಡಿನ, ಯಾವುದೋ ಭಾಷಣದ ಒಂದು ಚಿಟಿಕೆ.

ಹೀಗೆ ಎರಡು ಸಂಸ್ಕಾರಗಳಿಗೆ ಯಂತ್ರದಲ್ಲಿ ಜಾಗ ಸಿಕ್ಕಿತು. ಉಳಿದದ್ದು ಆ ಕಂದು ಪುಡಿ. ಅದರಲ್ಲಿ ಅಚ್ಚಂತೂ ಇದೆ. ಅದು ಯಾರ ಭಾವನೆ?

ಕ್ವಾಡ್ ಯಂತ್ರದ ಆರಂಭದ ದಿನಗಳ ಒಂದು ಸಂಗತಿ ನೈಯಾಯಿಕರಿಗೆ ಗೊತ್ತಿದ್ದರೆ ಖಂಡಿತ ಉದಾಹರಣೆಗೆ ಬಳಸಿಕೊಳ್ಳುತ್ತಿದ್ದರು. ಆಗ ಒಂದು ಟೇಪನ್ನು ಯಾವ ಹೆಡ್ಡು ಬರೆದಿತ್ತೋ ಅದೇ ಹೆಡ್ಡು ಓದಬೇಕಿತ್ತು. ಚಕ್ರದ ಮೇಲಿನ ನಾಲ್ಕು ಹೆಡ್‌ಗಳ ನಡುವೆ ಕರಾರುವಾಕ್ಕಾಗಿ 90 ಡಿಗ್ರಿ ಇರಿಸುವುದು ಸುಲಭವಿರಲಿಲ್ಲ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಚಿತ್ರ ಪಟ್ಟಿ ಪಟ್ಟಿಯಾಗಿ ಕಳಚಿಕೊಳ್ಳುತ್ತಿತ್ತು. ಅದೇ ಹೆಡ್ಡು ಓದಿದರೆ, ಬರೆಯುವಾಗಿನ ಅದರ ಸೊಟ್ಟವನ್ನು ಓದುವಾಗಿನ ಅದೇ ಸೊಟ್ಟ ಸರಿದೂಗಿಸುತ್ತಿತ್ತು. ಹೆಡ್ಡು ಸವೆದುಹೋದರೆ ಅದರ ಬರಹವೆಲ್ಲ ಅನಾಥ.

ನೈಯಾಯಿಕರು ಆತ್ಮ ಉಂಟು ಎನ್ನಲು ಕೊಡುವ ಮುಖ್ಯ ಕಾರಣವೂ ಇದೇ ತಾನೇ? ಒಬ್ಬ ಕಂಡದ್ದನ್ನು ಇನ್ನೊಬ್ಬ ನೆನೆಯಲಾರ. ದೇವದತ್ತ ಉಂಡದ್ದು ಯಜ್ಞದತ್ತನ ನೆನಪಿಗೆ ಬಾರದು. ನಾನು ಬಾಲ್ಯದಲ್ಲಿ ಕಂಡದ್ದನ್ನು ಇಂದು ನೆನೆಯುತ್ತಿದ್ದೇನೆ ಎಂದರೆ, ಕಂಡವನೂ ನೆನೆಯುವವನೂ ಒಬ್ಬನೇ ಆಗಿರಬೇಕು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಬೌದ್ಧರ ಕ್ಷಣಿಕವಾದವನ್ನು ಶಂಕರರು ಎದುರಿಸುವಾಗ ನೆನಪಿನ ಈ ವಾದವನ್ನೇ ಹಿಡಿಯುತ್ತಾರೆ. ಉದಯನನಂತೂ ‘ಆತ್ಮತತ್ತ್ವವಿವೇಕ’ ಎಂಬ ಇಡೀ ಗ್ರಂಥವನ್ನು ಬೌದ್ಧರ ಮೇಲೆ ಬರೆದ.

ಆದರೆ ಆಂಪೆಕ್ಸಿನವರು ಅಲ್ಲಿಗೇ ನಿಲ್ಲಲಿಲ್ಲ. ಬರೆದ ಯಂತ್ರವೇ ಓದಬೇಕೆಂದರೆ ವ್ಯಾಪಾರ ನಡೆಯುವುದು ಹೇಗೆ? ಅಳತೆಗಳನ್ನು ಗೊತ್ತುಮಾಡಿದರು. ಅಲೈನ್‌ಮೆಂಟ್ ಟೇಪ್ ಎಂಬ ಮಾದರಿ ಟೇಪು ಬಂತು. ಗಾಯಕರು ತಂಬೂರಿಗೆ ಶ್ರುತಿ ಸೇರಿಸುವಂತೆ ಜಗತ್ತಿನ ಯಾವ ಮೂಲೆಯ ಯಂತ್ರವನ್ನಾದರೂ ಅದಕ್ಕೆ ಹೊಂದಿಸಿಕೊಂಡರೆ, ಒಂದು ಬರೆದದ್ದನ್ನು ಇನ್ನೊಂದು ಓದತೊಡಗಿತು. ಇಲ್ಲಿ ಬೌದ್ಧ ಎದ್ದು ನಿಲ್ಲುತ್ತಾನೆ: “ನೋಡಿದಿರಾ? ಬರೆದದ್ದು ಒಂದು, ಓದಿದ್ದು ಮತ್ತೊಂದು. ನಡುವೆ ಒಬ್ಬನೇ ಯಜಮಾನ ಬೇಕಾಗಲಿಲ್ಲ.” ಅರಗಿನ ನೀರಿನಲ್ಲಿ ಅದ್ದಿದ ಹತ್ತಿಬೀಜದಿಂದ ಕೆಂಪು ಹತ್ತಿಯೇ ಬರುವಂತೆ, ಹಿಂದಿನ ಕ್ಷಣದ ಬಣ್ಣ ಮುಂದಿನ ಕ್ಷಣಕ್ಕೆ ಇಳಿದರೆ ಸಾಕು, ನೆನಪಿಗೆ ಸ್ಥಿರವಾದ ಆತ್ಮ ಬೇಡ ಎಂಬುದು ಅವರ ಹಳೆಯ ದೃಷ್ಟಾಂತ.

ವಿಟಿಆರ್ ಕೋಣೆಯವನಾಗಿ ನನಗೆ ಈ ಸಂತಾನವಾದ ಬಹಳ ಹಿಡಿಸುತ್ತದೆ. ನಮ್ಮ ಭಾಷೆಯಲ್ಲಿ ಅದಕ್ಕೆ ಡಬ್ ಎಂದು ಹೆಸರು. ಮೂಲದಿಂದ ಒಂದು ಪ್ರತಿ, ಅದರಿಂದ ಇನ್ನೊಂದು. ಪ್ರತಿಯೊಂದಕ್ಕೂ ನಾವು ಹೇಳುತ್ತಿದ್ದದ್ದು ಜನರೇಷನ್ ಎಂದೇ. ಹಳೆಯ ಅನಲಾಗ್ ಟೇಪಿನಲ್ಲಿ ಪ್ರತಿ ಜನರೇಷನ್ನಿಗೂ ಒಂದಿಷ್ಟು ನಷ್ಟ ಕಟ್ಟಿಟ್ಟದ್ದು. ಅಂಚುಗಳು ಮಬ್ಬಾಗುತ್ತವೆ, ಕೆಂಪು ಬಣ್ಣ ಗೆರೆ ದಾಟಿ ಹರಡುತ್ತದೆ, ಕಪ್ಪಿನಲ್ಲಿ ಹುಳು ಹರಿಯುತ್ತವೆ. ನಮ್ಮ ನೆನಪೂ ಹೀಗೇ ಮಬ್ಬಾಗುತ್ತದಲ್ಲ? ಬೌದ್ಧರೇ ಗೆದ್ದರು ಎಂದು ಒಂದಷ್ಟು ಕಾಲ ನಾನು ನಂಬಿದ್ದೆ.

ಆದರೆ ಓದುವುದು ಬೇರೆ, ನೆನೆಯುವುದು ಬೇರೆ. ಡಿಸೆಂಬರ್ 7, 1963ರಂದು ಫಿಲಡೆಲ್ಫಿಯಾದಲ್ಲಿ ಆರ್ಮಿ ಮತ್ತು ನೇವಿ ತಂಡಗಳ ಫುಟ್‌ಬಾಲ್ ಪಂದ್ಯ. ಸಿಬಿಎಸ್‌ನ ನಿರ್ದೇಶಕ ಟೋನಿ ವರ್ನಾ ಕ್ವಾಡ್ ಯಂತ್ರದಿಂದ ಆರ್ಮಿ ಆಟಗಾರನ ಟಚ್‌ಡೌನನ್ನು ಕೂಡಲೇ ಎರಡನೆಯ ಸಲ ತೋರಿಸಿದ. ಇದು ಈಗ ನಡೆಯುತ್ತಿರುವುದಲ್ಲ, ಆರ್ಮಿ ಮತ್ತೆ ಅಂಕ ಗಳಿಸಿಲ್ಲ ಎಂದು ವೀಕ್ಷಕ ವಿವರಣೆಕಾರ ಬಾಯಿಬಿಟ್ಟು ಹೇಳಬೇಕಾಯಿತು. ಏಕೆಂದರೆ ಯಂತ್ರ ತಾನಾಗಿ ಆ ಮಾತು ಹೇಳುವುದಿಲ್ಲ. ಅದು ಕೊಡುವುದೆಲ್ಲ ‘ಇದು’. ‘ಅದು’ ಎಂಬುದನ್ನು ನೋಡುವವನೇ ಸೇರಿಸಬೇಕು. ಅನುಭವಕ್ಕೂ ಸ್ಮೃತಿಗೂ ನ್ಯಾಯಶಾಸ್ತ್ರ ಮೊದಲ ಹೆಜ್ಜೆಯಲ್ಲೇ ಗೆರೆ ಎಳೆದದ್ದು ಎಷ್ಟು ಸರಿಯೆಂದು ನನಗೆ ಆಗ ಹೊಳೆಯಿತು. ಟೇಪು ಓಡುವಾಗ ನಡೆಯುವುದು ಹೊಸ ಪ್ರತ್ಯಕ್ಷ, ನೆನಪಲ್ಲ.

ಹಾಗಿದ್ದರೆ ಟೇಪಿಗೂ ನೆನಪಿಗೂ ಸಂಬಂಧವೇ ಇಲ್ಲವೇ? ಇದೆ. ಅದನ್ನು ನನಗೆ ತೋರಿಸಿಕೊಟ್ಟವರು ಬಡಗುತಿಟ್ಟಿನ ಒಬ್ಬ ವೇಷಧಾರಿ. ಅವರ ಪ್ರಾಯದಲ್ಲಿ ನಮ್ಮ ಸ್ಟುಡಿಯೋದಲ್ಲಿ ಒಂದು ಪ್ರಸಂಗ ಮಾಡಿಸಿದ್ದೆವು. ಎಷ್ಟೋ ವರ್ಷಗಳ ಮೇಲೆ, ಮೇಳ ಬಿಟ್ಟು ಮನೆಯಲ್ಲಿದ್ದವರು, ಮಗನ ಜೊತೆ ಬೆಂಗಳೂರಿಗೆ ಬಂದಾಗ ಟೇಪ್ ಹಾಕಿ ತೋರಿಸಿದೆ. ಪರದೆಯ ಮೇಲೆ ಕೇದಿಗೆ ಮುಂದಲೆ ಕಟ್ಟಿದ ತರುಣನೊಬ್ಬ ಧೀಂಗಿಣ ಹಾಕುತ್ತಿದ್ದ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಇದು ನಾನಲ್ಲ ಮಾರಾಯ್ರೆ.”

“ಅಪ್ಪಯ್ಯ, ನೀವೇ ಅದು” ಎಂದ ಮಗ.

“ಅಲ್ಲ ಅಂದೆನಲ್ಲ. ನಾನು ಹೀಗೆ ಕುಣಿದದ್ದೇ ಇಲ್ಲ.”

ಮಾತು ಹಾಗೆ ಹೇಳುತ್ತಿರುವಾಗಲೇ ಅವರ ಬಲಗಾಲು ಕುರ್ಚಿಯ ಕೆಳಗೆ ಚಂಡೆಯ ಪೆಟ್ಟಿಗೆ ಸರಿಯಾಗಿ ನೆಲ ತಟ್ಟುತ್ತಿತ್ತು. ಒಂದು ಪದ್ಯ ಮುಗಿಯುವಲ್ಲಿ ಥಟ್ಟನೆ ನಿಂತಿತು. “ಇಲ್ಲಿ ಭಾಗವತರು ಅವಸರ ಮಾಡಿದರು. ಇನ್ನೊಂದು ಸುತ್ತು ಕುಣಿಸಬೇಕಿತ್ತು. ಆಚೆ ನಿಂತಿದ್ದ ಒಬ್ಬ ಬೆರಳು ತಿರುಗಿಸಿ ಬೇಗ ಬೇಗ ಅಂತ ಸನ್ನೆ ಮಾಡ್ತಿದ್ದ, ಚೆಕ್ಸ್ ಅಂಗಿಯವ” ಎಂದರು. ಚೆಕ್ಸ್ ಅಂಗಿಯವನು ನಮ್ಮ ಫ್ಲೋರ್ ಮ್ಯಾನೇಜರ್. ಸನ್ನೆ ಮಾಡಿದ್ದೂ ನಿಜ. ಸ್ಪೂಲಿನಲ್ಲಿ ಟೇಪು ಮುಗಿಯುತ್ತ ಬಂದಿದೆ ಎಂದು ಮೇಲಿನ ಕೋಣೆಯಿಂದ ಟಾಕ್‌ಬ್ಯಾಕಿನಲ್ಲಿ ಅವನಿಗೆ ಹೇಳಿದ್ದವನು ನಾನೇ.

ಆ ಅಂಗಿ ಟೇಪಿನಲ್ಲಿ ಇಲ್ಲ. ಆ ಬೆರಳೂ ಇಲ್ಲ. ಯಾವ ಕ್ಯಾಮೆರಾವೂ ಅತ್ತ ತಿರುಗಿರಲಿಲ್ಲ. ಟೇಪಿನಲ್ಲಿ ಇಲ್ಲದ್ದು ಅವರಲ್ಲಿ ಎದ್ದಿತ್ತು, ಅವರ ಮಾತಿನಿಂದ ನನ್ನಲ್ಲೂ. ನ್ಯಾಯಶಾಸ್ತ್ರ ಇದಕ್ಕೂ ಒಂದು ಮನೆ ಖಾಲಿ ಇಟ್ಟಿದೆ. ಒಳಗೆ ಮಲಗಿದ ಸಂಸ್ಕಾರವನ್ನು ಎಬ್ಬಿಸುವುದಕ್ಕೆ ಉದ್ಬೋಧಕ ಎನ್ನುತ್ತಾರೆ. ಆನೆಯನ್ನು ಕಂಡರೆ ಮಾವುತ ನೆನಪಾಗುವಲ್ಲಿ ಆನೆ ಉದ್ಬೋಧಕ. ಟೇಪಿನ ಕೆಲಸ ಇಷ್ಟೇ, ಇದು ಸಣ್ಣ ಕೆಲಸವೂ ಅಲ್ಲ. ನೆನಪು ಅದರ ಒಳಗಿಲ್ಲ, ಇರುವವರನ್ನು ಅದು ಎಬ್ಬಿಸುತ್ತದೆ.

ಗುರುಗಳಿಗೆ ಇದನ್ನು ಒಪ್ಪಿಸಿದೆ. ಅವರಿಗೆ ಸಂತೋಷವಾಯಿತು. ಅನ್ನಂಭಟ್ಟ ಗೆದ್ದನಲ್ಲ! ಆದರೆ ನನಗೆ ಪೂರ್ತಿ ಸಮಾಧಾನವಿಲ್ಲ. ‘ನಾನು ಕಂಡೆ, ನಾನೇ ನೆನೆಯುತ್ತಿದ್ದೇನೆ’ ಎಂಬ ‘ನಾನು’ ನೈಯಾಯಿಕರ ಬಲವಾದ ಕಂಬ. ಆ ಹಿರಿಯರು ಮೊದಲು ಅಲ್ಲಗಳೆದದ್ದು ಆ ‘ನಾನು’ವನ್ನೇ. ಬಾಯಿ ಅಲ್ಲ ಎನ್ನುತ್ತಿರುವಾಗ ಕಾಲು ಹೌದು ಎನ್ನುತ್ತಿತ್ತು. ಭಾವನೆ ಎದ್ದಿತ್ತು, ಅದನ್ನು ತನ್ನದೆನ್ನುವವನು ಇನ್ನೂ ಬಂದಿರಲಿಲ್ಲ. “ಹಾಗಾದರೆ ಕಾಲಿನದು ಸಂಸ್ಕಾರವಲ್ಲದೆ ಮತ್ತೇನು ಸ್ವಾಮಿ? ಅದರ ನೆಲೆ ಎಲ್ಲಿ?” ಎಂದು ಕೇಳಿದರೆ ಗುರುಗಳು “ಆತ್ಮ ಎಲ್ಲೆಡೆಯೂ ವ್ಯಾಪಿಸಿದೆ, ಕಾಲನ್ನು ಬಿಟ್ಟಿಲ್ಲ” ಎನ್ನುತ್ತಾರೆ. ಉತ್ತರ ಶಾಸ್ತ್ರಕ್ಕೆ ಸರಿ. ನಾನು ಅದನ್ನು ಇನ್ನೂ ನುಂಗಿಕೊಂಡಿಲ್ಲ.

ಎಬ್ಬಿಸುವುದಕ್ಕೂ ಬೆಲೆಯಿದೆ ಎಂಬುದು ಮಾತ್ರ ನನಗೆ ಗುರುಗಳಿಗಿಂತ ಚೆನ್ನಾಗಿ ಗೊತ್ತು. ಟೈಪ್ ಸಿ ಯಂತ್ರದ ಒಂದು ಗೀರಿನಲ್ಲಿ ಚಿತ್ರದ ಒಂದಿಡೀ ಫೀಲ್ಡ್ ಇರುವುದರಿಂದ ಟೇಪನ್ನು ನಿಲ್ಲಿಸಿಯೂ ಚಿತ್ರ ನೋಡಬಹುದು. ಕ್ವಾಡಿನಲ್ಲಿ ಅದಾಗದು, ಅಲ್ಲಿ ಒಂದೊಂದು ಫೀಲ್ಡೂ ಹದಿನಾರು ತುಂಡು. ಆದರೆ ನಿಂತ ಟೇಪಿನ ಮೇಲೂ ಡ್ರಮ್ಮು ಸೆಕೆಂಡಿಗೆ 50 ಸಲ ಅದೇ ಗೀರನ್ನು ಉಜ್ಜುತ್ತಲೇ ಇರುತ್ತದೆ. ಇಷ್ಟವಾದ ಮುಖವನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡರೆ ಆ ಮುಖವೇ ಪುಡಿಯಾಗಿ ಉದುರುತ್ತದೆ. ಇನ್ನು ಹಳೆಯ ಟೇಪುಗಳ ಅಂಟು ಗಾಳಿಯ ತೇವ ಹೀರಿ ಜಿಗುಟಾಗಿರುತ್ತದೆ. ಅಂಥವನ್ನು 50 ಡಿಗ್ರಿ ಸೆಲ್ಸಿಯಸ್ ಆಚೀಚೆಯ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿದರೆ ಸ್ವಲ್ಪ ಕಾಲ ಓಡಿಸಬಹುದು. ಅಷ್ಟರೊಳಗೆ ನಕಲು ಮಾಡಿಕೊಳ್ಳಬೇಕು.

ಈಗ ಎಲ್ಲ ಕಡೆ ಟೇಪುಗಳನ್ನು ಡಿಜಿಟಲ್ ಮಾಡುವ ಕೆಲಸ ನಡೆದಿದೆ. ಆಗಲೇಬೇಕು. ಯಂತ್ರಗಳು ಗುಜರಿಗೆ ಹೋಗುತ್ತಿವೆ, ಹೆಡ್ಡು ಸಿಗುವುದಿಲ್ಲ, ಬಲ್ಲವರು ಕಡಿಮೆ. ನನ್ನ ತಕರಾರು ‘ನೆನಪುಗಳನ್ನು ಉಳಿಸಿದೆವು’ ಎಂಬ ಮಾತಿಗೆ. ಉಳಿದದ್ದು ಉದ್ಬೋಧಕ. ಎಬ್ಬಿಸಿಕೊಳ್ಳುವವರು ಹೋದ ದಿನ ಅದೇ ಫೈಲು ಸಾಕ್ಷ್ಯವಾಗಿ ಬದಲಾಗುತ್ತದೆ. ಆಮೇಲೆ ಬರುವವರು ಅದನ್ನು ಶಬ್ದಪ್ರಮಾಣದಂತೆ, ಹೇಳಿದವರ ಮೇಲೆ ನಂಬಿಕೆಯಿಟ್ಟು ಒಪ್ಪಬೇಕು. ಅದಕ್ಕೂ ಬೆಲೆಯಿದೆ, ಆದರೆ ಅದು ಬೇರೆಯೇ ಜ್ಞಾನ.

ಆದ್ದರಿಂದ ಈ ಕೆಲಸದಲ್ಲಿರುವ ಹುಡುಗರು ಸಲಹೆ ಕೇಳಿದಾಗ ನಾನು ಹೇಳುವುದು ಹೆಡ್ ಒರೆಸುವ ಕ್ರಮ, ಆಮೇಲೆ ಇನ್ನೊಂದು ಮಾತು. ನಕಲು ಮಾಡುವ ದಿನ, ಆ ಕಾರ್ಯಕ್ರಮದಲ್ಲಿ ಇದ್ದವರು ಯಾರಾದರೂ ಬದುಕಿದ್ದರೆ ಕರೆಸಿ. ಹಾಡಿದವರೇ ಆಗಬೇಕೆಂದಿಲ್ಲ, ಲೈಟ್ ಹಿಡಿದವರಾದರೂ ಸರಿ, ಚಹಾ ತಂದವರಾದರೂ ಸರಿ. ಪಕ್ಕದಲ್ಲಿ ಕೂರಿಸಿ, ಅವರ ಮಾತಿಗೂ ಒಂದು ಮೈಕ್ ಇಡಿ. ಅದೂ ಮತ್ತೊಂದು ಗೀರೇ ಅಲ್ಲವೇ, ಅದರಲ್ಲೂ ನೆನಪು ಇರುವುದಿಲ್ಲವಲ್ಲ ಎಂದು ಗುರುಗಳು ಕೆಣಕುತ್ತಾರೆ. ಇರುವುದಿಲ್ಲ, ಒಪ್ಪಿದೆ. ಆದರೆ ನೆನಪು ಎದ್ದದ್ದು ಮಾತಾದ ಗೀರು ಅದು. ಚೆಕ್ಸ್ ಅಂಗಿಯವನಿಗೆ ಇರುವುದು ಅಲ್ಲೊಂದೇ ಜಾಗ.