ವಾದವೂ ಪರಿವಾದವೂ

ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ಕೈಗೊಂಡ ಶ್ರಾವಕನು ಅನ್ನಪಾನಗಳನ್ನು ತ್ಯಜಿಸಿದರೆ ಸಾಕೆ? ಆ ದಿನ ಪಂಚಪಾಪಗಳನ್ನೂ ತೊರೆದು ಕಿವಿಗಳಿಂದ ಧರ್ಮಾಮೃತವನ್ನು ಪಾನಮಾಡಬೇಕೆಂದು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಆದರೆ ಚುನಾವಣೆ ಸಮೀಪಿಸಿದೊಡನೆ ನಮ್ಮ ಮನೆಗಳಲ್ಲಿ ನಡೆಯುವುದೇನು? ಏಕಾಶನ ಮಾಡಿದವರೂ ಮೊಬೈಲಿಗೆ ಬಂದ ನಿಂದೆಯ ಸಂದೇಶವನ್ನು, ನಿಜವೋ ಸುಳ್ಳೋ ವಿಚಾರಿಸದೆ, ಹತ್ತು ಮಂದಿಗೆ ಕಳುಹಿಸುತ್ತಾರೆ. ಅಣ್ಣನದೊಂದು ಪಕ್ಷ, ತಮ್ಮನದೊಂದು ಪಕ್ಷವಾದರೆ ಕ್ಷಮಾವಣಿಯ ದಿನವೂ ಒಬ್ಬರು ಮತ್ತೊಬ್ಬರ ಹೊಸ್ತಿಲು ತುಳಿಯುವುದಿಲ್ಲ.

ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಸಮಂತಭದ್ರರು ಪರಿವಾದ, ಪೈಶುನ್ಯ ಅಂದರೆ ನಿಂದೆ, ಚಾಡಿಗಳನ್ನು ಸುಳ್ಳು ಲೇಖದ ಪಂಕ್ತಿಯಲ್ಲೇ ಕೂರಿಸಿದ್ದಾರೆ. (ಪರಿವಾದಕ್ಕೆ ಮಿಥ್ಯೋಪದೇಶವೆಂದು ಅರ್ಥ ಹೇಳುವವರೂ ಉಂಟು, ಹಾಗೆ ಹಿಡಿದರೂ ನಾವು ಪಾರಾಗುವುದಿಲ್ಲ.) ಚಿತ್ತವನ್ನು ಕಲುಷಿತಗೊಳಿಸುವ ಮಾತನ್ನು ಕೇಳುವುದೇ ದುಃಶ್ರುತಿಯೆಂಬ ಅನರ್ಥದಂಡ. ಉಪವಾಸದ ದಿನ ಅಮೃತ ಕುಡಿಯಬೇಕಾದ ಕಿವಿ ಕುಡಿಯುತ್ತಿರುವುದು ಇದನ್ನು.

ಹಾಗೆಂದು ವಾದವೇ ಬೇಡವೆನ್ನುವುದು ನಮ್ಮ ಪರಂಪರೆಯಲ್ಲ. ಸಮಂತಭದ್ರರೇ ಊರೂರಿನಲ್ಲಿ ವಾದಭೇರಿ ಹೊಡೆದರೆಂದು ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಸಾರುತ್ತದೆ. ಎಲ್ಲರೂ ಸರಿಯೆಂದು ತಲೆಯಾಡಿಸುವುದು ಅನೇಕಾಂತವಲ್ಲ. ಯಾವ ನಯದಿಂದ ಈ ಮಾತು ಎಂದು ಕೇಳುವುದು, ಕೇಳಿದರೆ ಉತ್ತರಿಸುವುದು ಅನೇಕಾಂತ. ಅನ್ಯಾಯ ಕಂಡೂ ಬಾಯಿ ಮುಚ್ಚಿದರೆ ಅದು ಭಾಷಾಸಮಿತಿಯಲ್ಲ, ಅಂಜಿಕೆ.

ತಕರಾರನ್ನು ಬಹಿರಂಗವಾಗಿ ಎತ್ತಿಯೂ ಎದುರಾಳಿಯೊಡನೆ ಬಾಳಿದ್ದಕ್ಕೆ ನಮ್ಮ ನಾಡಿನ ಕಲ್ಲೇ ಸಾಕ್ಷಿ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ನಾಡುಗಳ ಭವ್ಯರು, ಭಕ್ತರಿಂದ ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಿಗೆ ಬಿನ್ನವಿಸಿದರು. ಅರಸನು ಶ್ರೀವೈಷ್ಣವ ಆಚಾರ್ಯರನ್ನೂ ಹದಿನೆಂಟು ನಾಡಿನ ವೈಷ್ಣವರನ್ನೂ ಕರೆಸಿ, ಜೈನರ ಕೈಹಿಡಿದು ಅವರ ಕೈಯಲ್ಲಿ ಇಟ್ಟನು. ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಜೈನರಿಗೆ ಉಳಿಯಿತು. ರಾಜ್ಯದ ಜೈನರ ಮನೆಮನೆಯಿಂದ ವರ್ಷಕ್ಕೆ 1 ಹಣ ಎತ್ತಿ ಬೆಳಗೊಳಕ್ಕೆ 20 ಮಂದಿ ಕಾವಲಿನವರನ್ನು ನೇಮಿಸುವ, ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ಹೊಣೆ ಬಿದ್ದುದು ತಿರುಮಲೆಯ ತಾತಯ್ಯನ ಮೇಲೆ. ನಮ್ಮ ಹಣ, ಅವರ ಕೈ! ಇದರ ಹಿಂದೆ ರಾಜದಂಡವಿತ್ತೆಂಬುದು ನಿಜ. ಅಣ್ಣತಮ್ಮಂದಿರ ಹಜಾರಕ್ಕೆ ಯಾವ ಅರಸನೂ ಬರಲಾರನು; ಅಲ್ಲಿರುವುದು ನಾವು ಸ್ವೀಕರಿಸಿದ ವ್ರತವೊಂದೇ. ಮತದ ವಿಷಯದಲ್ಲಿ ಸಾಧ್ಯವಾದುದು ಮತದಾನದ ವಿಷಯದಲ್ಲಿ ಅಸಾಧ್ಯವೆ?

ಈ ಶಾಸನದ ಒಂದು ಪ್ರತಿ ಬೆಳಗೊಳದಲ್ಲಿದೆ. ಇನ್ನೊಂದಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ನಂದಿನಿ ಲೇಔಟಿನವರು ಮಾಗಡಿಯ ದಾರಿ ಹಿಡಿದರೆ ಆ ತಾಲ್ಲೂಕಿನ ಕಲ್ಯದಲ್ಲಿ ಸಿಗುತ್ತದೆ. ಬೆಳಗೊಳದ ಕಲ್ಲಿನ ಕೊನೆಯಲ್ಲಿ ಮತ್ತೊಂದು ಸಂಗತಿಯಿದೆ: ಕಲ್ಲೇಹದ ಬುಸುವಿ ಸೆಟ್ಟಿಯು ತಾತಯ್ಯನನ್ನು ಕರೆಸಿ ಜೀರ್ಣೋದ್ಧಾರ ಮಾಡಿಸಿದಾಗ, ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು.