ಬಂದಣಿಕೆ

ಈ ಸಲದ ರಜೆಯಲ್ಲಿ ಕಡಬದ ಮನೆಗೆ ಹೋಗಿದ್ದಾಗ, ಅಂಗಳದ ಮಾವಿನ ಮರಕ್ಕೆ ಬಂದಣಿಕೆ ಹಿಡಿದಿರುವುದನ್ನು ಕಂಡೆ. "ಅಣ್ಣ, ಈ ಪರೋಪಜೀವಿಯನ್ನು ಕಡಿಸಬಾರದೆ?" ಎಂದೆ. "ಕಡಿಸುವ. ಅದರ ಮೇಲೆ ಅಷ್ಟು ಕೋಪ ಯಾಕೆ?" ಎಂದು ಅಣ್ಣ ನಕ್ಕ.

ಯಾಕೆ? ಬಂದಣಿಕೆ ಪೂರ್ತಿ ಸೋಮಾರಿಯೇನಲ್ಲ. ಅದಕ್ಕೆ ಹಸುರೆಲೆಯುಂಟು; ಬಿಸಿಲಿನಲ್ಲಿ ತನ್ನ ಅನ್ನವನ್ನು ತಾನೂ ಬೇಯಿಸಿಕೊಳ್ಳುತ್ತದೆ. ಮರದಿಂದ ಅದು ಹೀರುವುದು ಮುಖ್ಯವಾಗಿ ನೀರು, ಲವಣಗಳನ್ನು. ರಾಜಸ್ಥಾನದ ಮರುಭೂಮಿಯ ಸಿಸ್ಟ್ಯಾಂಕಿ ಗಿಡಕ್ಕೆ ಆ ಹಸುರೂ ಇಲ್ಲ. ಎಕ್ಕ ಮೊದಲಾದ ಗಿಡಗಳ ಬೇರಿನಲ್ಲಿ ಉಂಡು, ಮರಳಿನ ಮೇಲೆ ಹಳದಿ ಹೂಗೊಂಚಲನ್ನು ಎತ್ತಿ ನಿಲ್ಲುತ್ತದೆ. ಇರಲಿ, ನಾವು ಹಣೆಗಿಡುವ ಶ್ರೀಗಂಧ? ಅದೂ ಮಣ್ಣಿನಡಿಯಲ್ಲಿ ನೆರೆಗಿಡಗಳ ಬೇರಿಗೆ ಬಾಯಿಟ್ಟು ಬೆಳೆಯುವ ಮರವೇ. ಪರಿಮಳ ಬಂದ ಮೇಲೆ ಸಾಲವನ್ನು ಯಾರೂ ವಿಚಾರಿಸುವುದಿಲ್ಲ!

ನಾನು ಎಂ.ಎ. ಓದಿದ್ದು ಅಣ್ಣನ ಅಡಕೆಯ ದುಡ್ಡಿನಲ್ಲಿ. ಅವನು ಹತ್ತನೆಯ ತರಗತಿಗೇ ಶಾಲೆ ಬಿಟ್ಟು ತೋಟಕ್ಕಿಳಿದಿದ್ದ. ನನ್ನ ಪಾಠವನ್ನು ಮೆಚ್ಚುವವರು ಎಲೆಯನ್ನು ಕಂಡವರು, ಬೇರನ್ನು ಕಂಡವರಲ್ಲ.

ಪರರಿಂದ ಪಡೆಯುವುದು ತಪ್ಪೆ? ಪಡೆಯದೆ ಬದುಕಿದವರು ಯಾರೂ ಇಲ್ಲ. ಪಡೆದುದನ್ನು ಮಣ್ಣಿನಲ್ಲಿ ಮುಚ್ಚಿ, ಎಲ್ಲವೂ ಸ್ವಯಾರ್ಜಿತವೆಂದು ಮೆರೆಯುವುದು ತಪ್ಪು. ಆ ಮಟ್ಟಿಗೆ ಬಂದಣಿಕೆ ಪ್ರಾಮಾಣಿಕ. ತನ್ನ ಹಿಡಿತವನ್ನು ಎಲ್ಲರ ಕಣ್ಣೆದುರಿಗೇ ಇಟ್ಟಿದೆ. ಆದರೆ ಅದು ಹಿಡಿದ ಕೊಂಬೆಯ ತುದಿ ಒಣಗಿದ್ದೂ ನಿಜ. ಒಪ್ಪಿಕೊಂಡ ಮಾತ್ರಕ್ಕೆ ಸಾಲ ತೀರುವುದಿಲ್ಲ.

ಮರುದಿನ ಆ ಕೊಂಬೆಯನ್ನು ಕಡಿಸಿದೆವು. ಸಂಜೆ, ಇಷ್ಟು ವರ್ಷ ಕೇಳದಿದ್ದ ಮಾತನ್ನು ಅಣ್ಣನೊಡನೆ ಕೇಳಿದೆ: "ನಿನಗೂ ಓದಬೇಕೆಂದಿತ್ತೆ?"

ಅಣ್ಣ ಉತ್ತರ ಹೇಳಲಿಲ್ಲ; ಅಡಕೆ ಸುಲಿಯುತ್ತಲೇ ಇದ್ದ.