ಉಪಕಾರವೂ ಉಪದೇಶವೂ

ದುಃಖದಲ್ಲಿರುವವನಿಗೆ ನೆರವಾಗಲು ಬಂದವನು ತನ್ನ ದೇವರ ಮಾತನ್ನೂ ಜೊತೆಗೆ ಆಡಬಹುದೇ? ಕೊಡಗಿನವರಾದ ನಮಗೆ ಈ ಪ್ರಶ್ನೆ ಹೊಸದಲ್ಲ. 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಈ ಬೆಟ್ಟಗಳಿಗೆ ಬಂದರು. ಜರ್ಮನಿಯವರಾದರೂ 1843ರಲ್ಲಿಯೇ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆಯನ್ನು ಕೊಟ್ಟವರು. ಜೀತದಲ್ಲಿದ್ದು ಕ್ರೈಸ್ತರಾದವರಿಗಾಗಿ ಅವರು ಆನಂದಪುರವೆಂಬ ಊರನ್ನು ಕಟ್ಟಿದರು. ಆ ಬಡವರನ್ನು ಸೆಳೆದದ್ದು ದೇವರೋ, ನೆಲವೋ, ತಲೆಯೆತ್ತಿ ನಡೆಯುವ ಆಸೆಯೋ? ಮೂರೂ ಒಂದೇ ಕೈಯಿಂದ ಬಂದಾಗ ಪಡೆದವನಿಗೂ ಬಿಡಿಸಿ ಹೇಳುವುದು ಕಷ್ಟ.

ಈಗಲೂ ಕ್ರೈಸ್ತ ಸ್ವಯಂಸೇವಕರು ದೇಶ ಬಿಟ್ಟು ದೇಶಕ್ಕೆ ಹೋಗಿ, ಯುದ್ಧದಲ್ಲಿ ನೊಂದವರ, ಕುಡಿತಕ್ಕೆ ಸಿಕ್ಕವರ ಬಳಿ ಕೂರುತ್ತಾರೆ. ಮುರಿದ ಕಾಲಿಗೆ ಪಟ್ಟಿ ಕಟ್ಟುವವನ ಮತ ಯಾವುದಾದರೂ ಮೂಳೆ ಕೂಡುತ್ತದೆ. ಮನಸ್ಸಿನ ಗಾಯ ಹಾಗಲ್ಲ. ಅಲ್ಲಿ ಮಾತೇ ಔಷಧ. ಮಾತಿನ ಬೆನ್ನಿಗೇ ನಂಬಿಕೆಯೂ ಬರುತ್ತದೆ. ಅದಕ್ಕಿಂತ ಮಿಗಿಲಾಗಿ, ನೊಂದವನಿಗೆ 'ಬೇಡ' ಎನ್ನುವ ತ್ರಾಣವಿರುವುದಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದಾಗ ಪರಿಹಾರ ಕೇಂದ್ರಗಳಲ್ಲಿ ನಾನು ಕಂಡದ್ದು ಇದನ್ನೇ. ಮನೆ ಕಳೆದುಕೊಂಡವರು ಯಾರು ಏನು ಕೇಳಿದರೂ 'ಹೂಂ' ಎನ್ನುತ್ತಿದ್ದರು. ಆ 'ಹೂಂ' ಒಪ್ಪಿಗೆಯಲ್ಲ, ಆಯಾಸ.

ಕ್ರೈಸ್ತ ಸಂಸ್ಥೆಗಳೇ ಇದನ್ನು ಅರಿತಿವೆಯೆಂಬುದು ಮೆಚ್ಚತಕ್ಕ ಸಂಗತಿ. ನೆರವನ್ನು ಮತದ ಪ್ರಚಾರಕ್ಕೆ ಬಳಸಬಾರದೆಂಬ ರೆಡ್‌ಕ್ರಾಸಿನ 1994ರ ನಡತೆಯ ಸಂಹಿತೆಯನ್ನು ರೂಪಿಸಿದವರಲ್ಲಿ ಕಾರಿತಾಸ್ ಮತ್ತು ಲೂಥರನ್ ವಿಶ್ವ ಒಕ್ಕೂಟಗಳೂ ಇದ್ದವು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯನ್ನು ತಂದಾಗ ಕ್ರೈಸ್ತ ಸಂಸ್ಥೆಯಾದ ವರ್ಲ್ಡ್ ವಿಷನ್ ಜೊತೆಗಿತ್ತು. ನೊಂದವನನ್ನು ತನ್ನ ಕಥೆ ಹೇಳೆಂದು ಒತ್ತಾಯಿಸಬಾರದೆಂಬುದು ಅದರ ಒಂದು ಮುಖ್ಯ ಸೂಚನೆ.

ಹಾಗಾದರೆ ಶ್ರದ್ಧೆಯನ್ನು ಮನೆಯಲ್ಲೇ ಬಿಟ್ಟು ಬಾ ಎನ್ನೋಣವೇ? ಅದೂ ನ್ಯಾಯವಲ್ಲ. ಅವನನ್ನು ಸಮುದ್ರ ದಾಟಿಸಿದ್ದು ಆ ಶ್ರದ್ಧೆಯೇ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಇದಕ್ಕೊಂದು ದಾರಿ ತೋರಿಸಿದೆ. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯಿಂದ ಬೆಳೆದ ಸಂಘವಾದರೂ, ದೇವರೆಂದರೆ ಯಾರೆಂಬುದನ್ನು ಅದು ಆಯಾ ಮನುಷ್ಯನ ತಿಳಿವಿಗೇ ಬಿಟ್ಟಿತು.

ನನ್ನ ಹತ್ತಿರದ ಬಂಧುವೊಬ್ಬರು ಇಗರ್ಜಿಯೊಂದರ ಹಿಂಬದಿಯ ಕೋಣೆಯಲ್ಲಿ ಸೇರುತ್ತಿದ್ದ ಅಂಥ ಸಭೆಗೆ ಹೋಗಿ ಕುಡಿತ ಬಿಟ್ಟರು. "ನಿಮ್ಮ ದೇವರು ಯಾರು ಎಂದು ಅವರು ಕೇಳಲಿಲ್ಲ. ಮುಂದಿನ ವಾರ ಬರುತ್ತೀರಾ ಎಂದಷ್ಟೇ ಕೇಳಿದರು" ಎನ್ನುತ್ತಾರೆ. ನಮ್ಮಲ್ಲಿ ಐನ್‌ಮನೆಯ ಗುರುಕಾರೋಣರಿಗೆ ಮೀದಿ ಇಡುವಾಗ ಮದ್ಯವೂ ಇರುತ್ತದೆ. ಈ ಬಂಧು ಈಗಲೂ ಹಿರಿಯರ ಮುಂದೆ ನಿಂತು, ಅವರ ಪಾಲಿನ ಮದ್ಯವನ್ನು ಇಟ್ಟು, ತಾವು ಒಂದು ಹನಿಯನ್ನೂ ಮುಟ್ಟದೆ ಬರುತ್ತಾರೆ. ಕುಡಿತದ ಜೊತೆಗೆ ಹಿರಿಯರನ್ನೂ ಬಿಡು ಎಂದು ಯಾರಾದರೂ ಹೇಳಿದ್ದರೆ, ಚಟ ಹೋದರೂ ಅವರಿಗೆ ಮರಳಲು ಮನೆಯೇ ಉಳಿಯುತ್ತಿರಲಿಲ್ಲ.

ಸೇವೆಯನ್ನು ಅಳೆಯಲು ನನಗೆ ಒಂದೇ ಒರೆಗಲ್ಲು ಸಾಕೆನಿಸುತ್ತದೆ: "ನಿಮ್ಮ ಉಪದೇಶ ನನಗೆ ಬೇಡ" ಎಂದವನ ಬಾಗಿಲಿಗೆ ಮಾರನೆಯ ಬೆಳಿಗ್ಗೆಯೂ ಅದೇ ಮುಖದಿಂದ ಬರುವವನೇ ಸೇವಕ. ಅವನನ್ನು ಕಳಿಸಿದವರು ಯಾರೆಂದು ತಿಳಿಯಬೇಕೆನಿಸಿದರೆ ನಾವೇ ಕೇಳಿಕೊಳ್ಳುತ್ತೇವೆ.